ಸ್ಕ್ರಿಪ್ಟ್ ಕಣ್ಣೆದುರೇ ಇದೆ, ಶೆಲ್‌ಗೆ ಮಾತ್ರ ಸಿಗುತ್ತಿಲ್ಲ

ಲಿನಕ್ಸ್ ಕಲಿಯುವವರು ನನ್ನ ಬಳಿ ಪದೇ ಪದೇ ತರುವ ದೂರು ಇದು. (ಸ್ಕ್ರಿಪ್ಟ್ ಎಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲು. ನೀವು ಟೈಪ್ ಮಾಡಿದ ಕಮಾಂಡನ್ನು ಓಡಿಸುವುದು ಶೆಲ್, ಬ್ಯಾಶ್ ಅಂಥದ್ದೊಂದು ಶೆಲ್.) ‘ಬ್ಯಾಶ್ ಬ್ಯಾಕಪ್.ಎಸ್ಎಚ್’ ಎಂದು ಟೈಪ್ ಮಾಡಿದರೆ ಕೆಲಸ ಆಗುತ್ತದೆ, ಬರೀ ‘ಬ್ಯಾಕಪ್.ಎಸ್ಎಚ್’ ಎಂದರೆ ಆಗುವುದಿಲ್ಲ. ಫೈಲು ಅದೇ ಫೋಲ್ಡರ್‌ನಲ್ಲಿದೆ. ಫೈಲುಗಳ ಪಟ್ಟಿ ತೋರಿಸುವ ಎಲ್ಎಸ್ ಕಮಾಂಡ್ ಕೊಟ್ಟರೆ ಕಾಣುತ್ತದೆ ಕೂಡ. ಆಮೇಲೆ ಪರದಾಟ ಶುರು: 777 ಪರ್ಮಿಷನ್ (ಎಲ್ಲರಿಗೂ ಓದಲು, ಬರೆಯಲು, ಓಡಿಸಲು ಅನುಮತಿ) ಕೊಡುವುದು, ಎಲ್ಲದರ ಮುಂದೆ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಸೇರಿಸುವುದು. ಅದ್ಯಾವುದೂ ಬೇಡ. ಪರದೆಯ ಮೇಲೆ ಬಂದ ಎರರ್ ಸಾಲನ್ನು ನಿಧಾನವಾಗಿ ಓದಿ. ಕೆಲಸ ಎಲ್ಲಿಗೆ ನಿಂತಿತು ಅಂತ ಅದೇ ಹೇಳುತ್ತದೆ.

‘ಕಮಾಂಡ್ ನಾಟ್ ಫೌಂಡ್’ ಎಂದು ಬಂದರೆ ಫೈಲಿನಲ್ಲಿ ಏನು ಬರೆದಿದೆ ಎಂಬ ಪ್ರಶ್ನೆಯೇ ಇನ್ನೂ ಬಂದಿಲ್ಲ. ಶೆಲ್‌ಗೆ ಫೈಲೇ ಸಿಕ್ಕಿಲ್ಲ. ಬರೀ ಹೆಸರು ಕೊಟ್ಟಾಗ ಬ್ಯಾಶ್ ಮೊದಲು ತನ್ನ ಏಲಿಯಾಸ್ (ಕಮಾಂಡಿಗಿಟ್ಟ ಅಡ್ಡಹೆಸರು), ಫಂಕ್ಷನ್, ತನ್ನೊಳಗೇ ಇರುವ ಬಿಲ್ಟ್‌ಇನ್ ಕಮಾಂಡ್‌ಗಳನ್ನು ನೋಡುತ್ತದೆ. ಅಲ್ಲಿ ಸಿಗದಿದ್ದರೆ ಪಾತ್ ಎಂಬ ವೇರಿಯಬಲ್‌ನಲ್ಲಿರುವ ಫೋಲ್ಡರ್‌ಗಳಲ್ಲಿ ಎಡದಿಂದ ಬಲಕ್ಕೆ ಹುಡುಕುತ್ತದೆ. ಅಷ್ಟೇ. ನೀವು ಈಗ ನಿಂತಿರುವ ಫೋಲ್ಡರ್ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಹೆಸರಿನಲ್ಲಿ ಒಂದು ಸ್ಲ್ಯಾಶ್ ಇದ್ದರೆ ಶೆಲ್ ಹುಡುಕುವ ಗೋಜಿಗೇ ಹೋಗುವುದಿಲ್ಲ, ಹೇಳಿದ ಜಾಗಕ್ಕೆ ನೇರವಾಗಿ ಹೋಗುತ್ತದೆ. ‘./ಬ್ಯಾಕಪ್.ಎಸ್ಎಚ್’ ಎಂದರೆ ಓಡುವುದು ಅದಕ್ಕೇ.

ಹಾಗಾದರೆ ಪಾತ್‌ಗೆ ಒಂದು ಚುಕ್ಕೆ (ಈಗ ನಿಂತಿರುವ ಫೋಲ್ಡರ್ ಎಂದರ್ಥ) ಸೇರಿಸಿಬಿಟ್ಟರೆ ಆಯ್ತಲ್ವಾ? ದಯವಿಟ್ಟು ಬೇಡ. ಹಲವರು ಬಳಸುವ ಮೆಷಿನ್‌ನಲ್ಲಿ ಯಾರೋ ಒಬ್ಬರು ಟೆಂಪ್ ಫೋಲ್ಡರ್‌ನಲ್ಲಿ ಎಲ್ಎಸ್ ಎಂಬ ಹೆಸರಿನ ಸ್ಕ್ರಿಪ್ಟ್ ಇಟ್ಟಿದ್ದಾರೆ ಎಂದುಕೊಳ್ಳಿ. ಚುಕ್ಕೆ ಪಟ್ಟಿಯ ಮೊದಲಿಗೇ ಇದ್ದರೆ, ನೀವು ಅಲ್ಲಿ ಎಲ್ಎಸ್ ಕೊಟ್ಟ ತಕ್ಷಣ ಓಡುವುದು ಅವರ ಸ್ಕ್ರಿಪ್ಟ್, ಅದೂ ನಿಮ್ಮ ಅಧಿಕಾರದಲ್ಲಿ. ಚುಕ್ಕೆ ಕೊನೆಯಲ್ಲಿದ್ದರೂ ಅಪಾಯ ತಪ್ಪಲಿಲ್ಲ. ಅಲ್ಲಿ ‘ಎಸ್ಎಲ್’ ಎಂಬ ಸ್ಕ್ರಿಪ್ಟ್ ಇಟ್ಟಿದ್ದು, ನೀವು ಅವಸರದಲ್ಲಿ ಹಾಗೆ ತಪ್ಪಾಗಿ ಟೈಪ್ ಮಾಡಿದರೆ ಸಾಕು. ಪಾತ್‌ನ ಕೊನೆಯಲ್ಲಿ ಸುಮ್ನೆ ಒಂದು ಕೋಲನ್ ಉಳಿದುಕೊಂಡಿದ್ದರೂ ಅದಕ್ಕೆ ಚುಕ್ಕೆಯದೇ ಅರ್ಥ ಎಂಬುದು ತುಂಬಾ ಜನರಿಗೆ ಗೊತ್ತಿಲ್ಲ. ಒಮ್ಮೆ ‘ಎಕೋ $ಪಾತ್’ (ಪಾತ್ ದೊಡ್ಡಕ್ಷರಗಳಲ್ಲಿ) ಕೊಟ್ಟು ನಿಮ್ಮದನ್ನು ನೋಡಿಕೊಳ್ಳಿ.

ಸರಿಯಾದ ದಾರಿ ಸುಲಭವೇ ಇದೆ. ನಿಮ್ಮ ಹೋಮ್‌ನಲ್ಲಿ ‘ಬಿನ್’ ಎಂಬ ಫೋಲ್ಡರ್ ಮಾಡಿ, ಸ್ಕ್ರಿಪ್ಟ್‌ಗಳನ್ನು ಅಲ್ಲಿಡಿ. ಉಬುಂಟು, ಡೆಬಿಯನ್‌ಗಳಲ್ಲಿ ಸಿಗುವ ಪ್ರೊಫೈಲ್ ಫೈಲು, ಲಾಗಿನ್ ಆಗುವಾಗ ಆ ಫೋಲ್ಡರ್ ಇದ್ದರೆ ತಾನೇ ಪಾತ್‌ಗೆ ಸೇರಿಸುತ್ತದೆ. ಫೋಲ್ಡರ್ ಈಗ ತಾನೇ ಮಾಡಿದ್ದರೆ ಒಮ್ಮೆ ಲಾಗೌಟ್ ಆಗಿ ಬರಬೇಕು. ಬೇರೆ ಕಡೆ ಬ್ಯಾಶ್‌ಆರ್‌ಸಿಯಲ್ಲಿ (ಹೊಸ ಟರ್ಮಿನಲ್ ತೆರೆದಾಗ ಬ್ಯಾಶ್ ಓದುವ ಫೈಲು) ನೀವೇ ಒಂದು ಸಾಲು ಬರೆಯಬೇಕಾದೀತು. ಬರೆಯುವಾಗ ಹಳೆಯ $ಪಾತ್ ಅನ್ನು ಮರೆಯದೆ ಜೊತೆಗಿಡಿ. ಅದು ಬಿಟ್ಟುಹೋದರೆ ಹೊಸ ಟರ್ಮಿನಲ್‌ನಲ್ಲಿ ಎಲ್ಎಸ್ ಕೂಡ ಸಿಗದು. ಹಾಗೇನಾದರೂ ಆದರೆ ಗಾಬರಿ ಬೇಡ. ಪ್ರೋಗ್ರಾಂಗಳೆಲ್ಲ ಇದ್ದಲ್ಲೇ ಇವೆ. ‘/ಯುಎಸ್ಆರ್/ಬಿನ್/ನ್ಯಾನೊ’ ಎಂದು ಪೂರ್ತಿ ವಿಳಾಸ ಕೊಟ್ಟು ಎಡಿಟರ್ ತೆರೆದು ಸಾಲನ್ನು ಸರಿಪಡಿಸಿ.

‘ಪರ್ಮಿಷನ್ ಡಿನೈಡ್’ ಬಂದರೆ ಫೈಲು ಸಿಕ್ಕಿದೆ, ಓಡಿಸಲು ಅನುಮತಿ ಇಲ್ಲ. ಎಡಿಟರ್‌ನಲ್ಲಿ ಹೊಸದಾಗಿ ಮಾಡಿದ ಫೈಲಿಗೆ ಸಾಮಾನ್ಯವಾಗಿ ಸಿಗುವುದು 644, ಅದರಲ್ಲಿ ಎಕ್ಸ್ ಬಿಟ್, ಅಂದರೆ ಓಡಿಸುವ ಅನುಮತಿ, ಇರುವುದಿಲ್ಲ. ಫೈಲಿನ ಮಾಲೀಕರಾದ ನಿಮಗೆ ಅದನ್ನು ಕೊಡಲು ‘ಸಿಎಚ್‌ಮಾಡ್ ಯು+ಎಕ್ಸ್’ ಸಾಕು. 777 ಕೊಟ್ಟರೆ ಮೆಷಿನ್‌ನಲ್ಲಿರುವ ಯಾರು ಬೇಕಾದರೂ ನಿಮ್ಮ ಸ್ಕ್ರಿಪ್ಟ್ ತಿದ್ದಬಹುದು. ಎಕ್ಸ್ ಇದ್ದೂ ಇದೇ ಎರರ್ ಬಂದರೆ, ಆ ಡಿಸ್ಕನ್ನು ‘ನೋಎಕ್ಸೆಕ್’ (ಅಲ್ಲಿಂದ ಏನನ್ನೂ ಓಡಿಸಬಾರದು) ಎಂಬ ಆಯ್ಕೆಯಲ್ಲಿ ಮೌಂಟ್ ಮಾಡಿರಬಹುದು, ಅಂದರೆ ಸಿಸ್ಟಮ್‌ಗೆ ಜೋಡಿಸಿರಬಹುದು, ನೋಡಿ.

ಜನರನ್ನು ಅತಿ ಜಾಸ್ತಿ ಕಾಡುವುದು ಮೂರನೆಯದು: ‘ಬ್ಯಾಡ್ ಇಂಟರ್ಪ್ರಿಟರ್: ನೋ ಸಚ್ ಫೈಲ್’. ಬ್ಯಾಶ್ 5.2ರಲ್ಲಾದರೆ ‘ರಿಕ್ವೈರ್ಡ್ ಫೈಲ್ ನಾಟ್ ಫೌಂಡ್’ ಎಂದೂ ಬರುತ್ತದೆ. ಕಾಣೆಯಾಗಿರುವುದು ನಿಮ್ಮ ಸ್ಕ್ರಿಪ್ಟ್ ಅಲ್ಲ, ಅದರ ಮೊದಲ ಸಾಲಿನಲ್ಲಿ ‘#!’ ಆದಮೇಲೆ ಬರೆದಿರುವ ಪ್ರೋಗ್ರಾಂ. ಲಿನಕ್ಸ್‌ನ ತಿರುಳಾದ ಕರ್ನಲ್ ಆ ಸಾಲನ್ನು ಓದಿ, ಅಲ್ಲಿ ಹೇಳಿದ ಪ್ರೋಗ್ರಾಂ ಕೈಗೆ ಸ್ಕ್ರಿಪ್ಟ್ ಕೊಡುತ್ತದೆ. ‘#!/ಬಿನ್/ಬ್ಯಾಶ್’ ಎಂದು ಸರಿಯಾಗಿಯೇ ಬರೆದಿರುತ್ತೀರಿ, ಆದರೂ ಓಡದು. ಫೈಲನ್ನು ವಿಂಡೋಸ್‌ನಲ್ಲಿ ಸೇವ್ ಮಾಡಿದ್ದರೆ ಕಾರಣ ಬಹುತೇಕ ಇದೇ: ಪ್ರತಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಎಂಬ ಕಾಣದ ಅಕ್ಷರ ಸೇರಿಕೊಂಡಿರುತ್ತದೆ, ಆಸ್ಕಿ ಸಂಖ್ಯೆ 13. ಕರ್ನಲ್ ಅದನ್ನೂ ಹೆಸರಿನ ಭಾಗ ಎಂದೇ ತಿಳಿಯುತ್ತದೆ. ಬಾಲ ಅಂಟಿದ ಆ ಹೆಸರಿನ ಬ್ಯಾಶ್ ಎಲ್ಲೂ ಇಲ್ಲವಲ್ಲ! ಕ್ಯಾಟ್ ಕಮಾಂಡಿಗೆ ದೊಡ್ಡಕ್ಷರದ ‘-ಎ’ ಸೇರಿಸಿ ಫೈಲನ್ನು ನೋಡಿ. ಸಾಲಿನ ಕೊನೆಗೆ $ ಮಾತ್ರ ಇರಬೇಕು. ‘^ಎಂ$’ ಕಂಡರೆ ಕಳ್ಳ ಸಿಕ್ಕಿದ. ‘ಡಾಸ್‌ಟುಯುನಿಕ್ಸ್’ ಅದನ್ನು ಒಂದೇ ಏಟಿಗೆ ತೆಗೆಯುತ್ತದೆ.

ಇನ್ನು ಸ್ಕ್ರಿಪ್ಟಿಗೆ ‘ಟೆಸ್ಟ್’ ಎಂದು ಹೆಸರಿಡಬೇಡಿ. ಅದು ಶೆಲ್‌ನದೇ ಬಿಲ್ಟ್‌ಇನ್. ಎರರ್ ಕೂಡ ಬಾರದೆ ಅದೇ ಓಡಿ ಮುಗಿಯುತ್ತದೆ. ಯಾವುದು ಓಡುತ್ತಿದೆ ಎಂಬ ಅನುಮಾನ ಬಂದಾಗ ‘ಟೈಪ್ -ಎ’ (ಇಲ್ಲಿ ಚಿಕ್ಕಕ್ಷರ) ಜೊತೆಗೆ ಆ ಹೆಸರು ಕೊಡಿ. ಸ್ಕ್ರಿಪ್ಟನ್ನು ಬೇರೆ ಜಾಗಕ್ಕೆ ಸರಿಸಿದ ಮೇಲೂ ಬ್ಯಾಶ್ ಹಳೆಯ ವಿಳಾಸವನ್ನೇ ಹಿಡಿದು ಕೂತಿದ್ದರೆ ‘ಹ್ಯಾಶ್ -ಆರ್’ ಎಂದರೆ ಮರೆಯುತ್ತದೆ.

ಟರ್ಮಿನಲ್‌ನಲ್ಲಿ ಎಲ್ಲ ಸರಿಯಾಗಿ, ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿದಾಗ ಮತ್ತೆ ‘ನಾಟ್ ಫೌಂಡ್’ ಬಂತೇ? ಕ್ರಾನ್ ನಿಮ್ಮ ಬ್ಯಾಶ್‌ಆರ್‌ಸಿ ಓದುವುದಿಲ್ಲ, ಅದರ ಪಾತ್ ತುಂಬಾ ಚಿಕ್ಕದು. ಅಲ್ಲಿ ಸ್ಕ್ರಿಪ್ಟಿನ ಪೂರ್ತಿ ವಿಳಾಸವನ್ನೇ ಬರೆಯಿರಿ.