ಮೂಳೆ ಮೊದಲು ಟೊಳ್ಳಾಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ

ಬೆಂಗಳೂರಿನಲ್ಲಿ ದೊಡ್ಡ ಓಟದ ಸ್ಪರ್ಧೆಗಳು ಹತ್ತಿರವಾದಾಗಲೆಲ್ಲ ಕಬ್ಬನ್ ಪಾರ್ಕಿನಲ್ಲೂ ಲಾಲ್‌ಬಾಗಿನಲ್ಲೂ ಒಂದು ಮಾತು ಕಿವಿಗೆ ಬೀಳುತ್ತದೆ: "ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ, ಮೂಳೆಗೇನೂ ಆಗಿಲ್ಲ, ನೋವು ನುಂಗಿಕೊಂಡು ಓಡಬಹುದು." ಬಿದ್ದರೆ ಅಥವಾ ಪೆಟ್ಟು ತಿಂದರೆ ಮಾತ್ರ ಮೂಳೆ ಮುರಿಯುತ್ತದೆ, ಮುರಿದರೆ ಹೆಜ್ಜೆ ಇಡಲೂ ಆಗುವುದಿಲ್ಲ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಬಾಡೂಟದ ತಟ್ಟೆಯಲ್ಲಿ ನಲ್ಲಿ ಮೂಳೆ ಕಂಡು ಬೆಳೆದ ನಮಗೆ ಮೂಳೆಯೆಂದರೆ ಮಾಂಸವನ್ನು ಹೊತ್ತು ನಿಂತ ಜಡವಸ್ತು. ಆದರೆ ಬದುಕಿರುವ ದೇಹದಲ್ಲಿ ಅದು ರಕ್ತ ಹರಿಯುವ, ನೋವು ತಿಳಿಯುವ, ದಿನವೂ ಒಂದೆಡೆ ಕರಗಿ ಇನ್ನೊಂದೆಡೆ ಕಟ್ಟಿಕೊಳ್ಳುವ ಅಂಗ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗ ಪ್ರತಿ ವರ್ಷ ಹೊಸದಾಗುತ್ತದೆ.

ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ರೂಪಿಸಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ನಿಯಮವಾಗಿ ಮುಂದಿಟ್ಟರು. 1977ರಲ್ಲಿ ಪ್ರಕಟವಾದ ಒಂದು ಅಧ್ಯಯನವು ವೃತ್ತಿಪರ ಟೆನಿಸ್ ಆಟಗಾರರ ಎರಡೂ ತೋಳುಗಳ ಎಕ್ಸ್-ರೇ ತೆಗೆದು ನೋಡಿದಾಗ, ರಾಕೆಟ್ ಹಿಡಿಯುವ ತೋಳಿನ ಮೂಳೆಯ ಗಟ್ಟಿ ಹೊರಪದರವು ಪುರುಷರಲ್ಲಿ ಶೇ 35ರಷ್ಟು ಮತ್ತು ಮಹಿಳೆಯರಲ್ಲಿ ಶೇ 28ರಷ್ಟು ಹೆಚ್ಚು ದಪ್ಪವಾಗಿತ್ತು. ಭಾರವೇ ಇಲ್ಲದ ಕಡೆ ಇದರ ವಿರುದ್ಧ ನಡೆಯುತ್ತದೆ: ಬಾಹ್ಯಾಕಾಶ ನಿಲ್ದಾಣದಲ್ಲಿರುವವರ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇ ಒಂದಕ್ಕಿಂತ ಹೆಚ್ಚು ಕುಸಿಯಬಲ್ಲದು.

ಹಾಗಾದರೆ ಹೆಚ್ಚು ಓಡಿದಷ್ಟೂ ಮೂಳೆ ಗಟ್ಟಿಯಾಗಬೇಕಲ್ಲವೇ? ಆಗುತ್ತದೆ, ಆದರೆ ತಡವಾಗಿ. ಆ ತಡದ ಅವಧಿಯಲ್ಲೇ ಅಪಾಯವಿರುವುದು. ನಮ್ಮ ನಗರದಲ್ಲಿ ಒಂದು ರಸ್ತೆಗೆ ವೈಟ್ ಟಾಪಿಂಗ್ ಮಾಡುವ ಕ್ರಮವನ್ನು ನೆನೆಯಿರಿ: ಮೊದಲು ಹಳೆಯ ಡಾಂಬರನ್ನು ಕೆರೆದು ತೆಗೆಯುತ್ತಾರೆ, ಆಮೇಲೆ ಕಾಂಕ್ರೀಟ್ ಸುರಿಯುತ್ತಾರೆ, ಅದು ಗಟ್ಟಿಯಾಗಲು ನೀರುಣಿಸಿ ದಿನಗಟ್ಟಲೆ ಕಾಯುತ್ತಾರೆ. ಮೂಳೆಯಲ್ಲಿ ಕೆರೆಯುವ ತಂಡ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳದ್ದು. ಓಟದಿಂದ ಉಂಟಾದ ಸೂಕ್ಷ್ಮ ಬಿರುಕುಗಳಿರುವೆಡೆ ಅವು ಎರಡು ಮೂರು ವಾರಗಳಲ್ಲಿ ಹಳೆಯ ಮೂಳೆಯನ್ನು ಕರಗಿಸಿ ಸಣ್ಣ ಸುರಂಗ ಕೊರೆಯುತ್ತವೆ. ಅವುಗಳ ಹಿಂದೆಯೇ ಬರುವ ಆಸ್ಟಿಯೋಬ್ಲಾಸ್ಟ್‌ಗಳು ಆ ಸುರಂಗವನ್ನು ತುಂಬಲು ಸುಮಾರು ಮೂರು ತಿಂಗಳು ತೆಗೆದುಕೊಳ್ಳುತ್ತವೆ, ತುಂಬಿದ ಮೂಳೆಗೆ ಖನಿಜ ಪೂರ್ತಿ ಸೇರಲು ಇನ್ನೂ ಹೆಚ್ಚು ಕಾಲ ಬೇಕು. ಕೆರೆದು ಬಿಟ್ಟ ರಸ್ತೆಯಲ್ಲಿ ಸಂಚಾರವನ್ನು ತಡೆಯದೆ, ಅದೇ ವಾರ ಲಾರಿಗಳ ಸಂಖ್ಯೆಯನ್ನೂ ದುಪ್ಪಟ್ಟು ಮಾಡಿದರೆ ಏನಾಗುತ್ತದೋ, ಅಭ್ಯಾಸ ಆರಂಭಿಸಿದ ಮೂರನೆಯ ನಾಲ್ಕನೆಯ ವಾರದಲ್ಲಿ ಉತ್ಸಾಹದಿಂದ ದೂರ ಹೆಚ್ಚಿಸುವ ಓಟಗಾರರ ಕಾಲಿಗೂ ಅದೇ ಆಗುತ್ತದೆ. ಹೃದಯ ಮತ್ತು ಸ್ನಾಯುಗಳು ಅಷ್ಟರಲ್ಲಿ ಹುರುಪುಗೊಂಡಿರುತ್ತವೆ, ಉಸಿರು ಕಟ್ಟುವುದಿಲ್ಲ, ಮೂಳೆ ಮಾತ್ರ ಆಗ ತನ್ನ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತದೆ. ಹೀಗೆ ಹುಟ್ಟುವ ಬಿರುಕೇ ಸ್ಟ್ರೆಸ್ ಫ್ರ್ಯಾಕ್ಚರ್.

ಇದನ್ನು ಮೊದಲು ಗುರುತಿಸಿದ್ದು ಆಟದ ಮೈದಾನದಲ್ಲಲ್ಲ. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್, ದೀರ್ಘ ಕವಾಯತಿನ ನಂತರ ಸೈನಿಕರ ಪಾದಗಳು ಊದಿ ನೋಯುವುದನ್ನು ದಾಖಲಿಸಿದರು. ಕಾರಣ ಮೂಳೆಯಲ್ಲಿದೆಯೆಂದು ತಿಳಿಯಲು ನಾಲ್ಕು ದಶಕ ಬೇಕಾಯಿತು, ಏಕೆಂದರೆ ರೋಂಟ್‌ಗೆನ್ ಎಕ್ಸ್-ರೇಯನ್ನು ಕಂಡುಹಿಡಿದದ್ದೇ 1895ರಲ್ಲಿ. 1897ರಲ್ಲಿ ಆ ಕಿರಣಗಳು ಪಾದದ ಮೂಳೆಗಳ ಬಿರುಕನ್ನು ತೋರಿಸಿದವು. ಬಿರುಕನ್ನು ಬಯಲಿಗೆಳೆದ ಆ ಎಕ್ಸ್-ರೇಯನ್ನೇ ಇಂದು ಬಿರುಕಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿ ಹಿಡಿಯುತ್ತಿದ್ದೇವೆ. ಮೊದಲ ಎರಡು ಮೂರು ವಾರಗಳ ಎಕ್ಸ್-ರೇಯಲ್ಲಿ ಇಂಥ ಬಿರುಕು ಬಹುಪಾಲು ಕಾಣುವುದೇ ಇಲ್ಲ. ಮೂಳೆ ತನ್ನ ಸುತ್ತ ಹೊಸ ಪದರ ಕಟ್ಟಿಕೊಳ್ಳತೊಡಗಿದ ಮೇಲೆ ಮಸುಕಾಗಿ ಮೂಡುತ್ತದೆ. ಎಂಆರ್‌ಐ ಮಾತ್ರ ಬಿರುಕು ಬೀಳುವ ಮುಂಚೆಯೇ ಮಜ್ಜೆಯಲ್ಲಿ ಸೇರಿದ ನೀರಿನಂಶವನ್ನು ಹಿಡಿದುಬಿಡುತ್ತದೆ.

ಯಂತ್ರಕ್ಕೂ ಮೊದಲು ಒಂದು ಬೆರಳು ಬಹಳಷ್ಟು ಹೇಳುತ್ತದೆ. ಮೊಣಕಾಲಿನಿಂದ ಕೆಳಗೆ ಕಾಲಿನ ಒಳಬದಿಯ ಮೂಳೆಯಂಚಿನ ಮೇಲೆ ತೋರುಬೆರಳನ್ನು ಒತ್ತುತ್ತಾ ಇಳಿಯಿರಿ. ನಾಲ್ಕು ಬೆರಳಗಲ ಅಥವಾ ಅದಕ್ಕೂ ಉದ್ದಕ್ಕೆ ನೋವು ಹರಡಿದ್ದರೆ ಅದು ಸಾಮಾನ್ಯವಾಗಿ ಓಟಗಾರರು ಶಿನ್ ಸ್ಪ್ಲಿಂಟ್ ಎನ್ನುವ ತೊಂದರೆ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತಾಗಿ, ರಾತ್ರಿ ಮಲಗಿದಾಗಲೂ ನೋವು ಎಚ್ಚರಿಸುತ್ತಿದ್ದರೆ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಬೇಕು. ಇಂಥ ಜಾಗಕ್ಕೆ ಎಣ್ಣೆ ಹಚ್ಚಿ ಬಲವಾಗಿ ನೀವಿಸಿಕೊಳ್ಳುವ, ಇಲ್ಲವೇ ಉಳುಕು ತೆಗೆಸುವ ಪದ್ಧತಿಯ ಬಗ್ಗೆ ನನಗೆ ಸಹನೆ ಕಡಿಮೆ. ಪೆಟ್ಟಿನಿಂದ ಮುರಿದ ಮೂಳೆಗೆ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟುವುದಂತೂ ಇನ್ನೂ ಅಪಾಯಕಾರಿ. ಬಿಗಿ ಕಟ್ಟು ರಕ್ತಸಂಚಾರ ತಡೆದರೆ ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸಾಯತೊಡಗಿ ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳುತ್ತವೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಫಾನ್ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದಾರೆ.

ಕ್ರಿಕೆಟ್ ನೋಡುವವರಿಗೆ ಸ್ಟ್ರೆಸ್ ಫ್ರ್ಯಾಕ್ಚರ್ ಎಂಬ ಪದ ಬೌಲರ್‌ಗಳ ಬೆನ್ನಿನಿಂದಲೇ ಪರಿಚಿತ. ಜಸ್‌ಪ್ರೀತ್ ಬುಮ್ರಾ 2019ರಲ್ಲಿ ಕೆಳಬೆನ್ನಿನ ಇಂಥ ಬಿರುಕಿನಿಂದ ಹೊರಗುಳಿದರು, 2022ರ ಟಿ20 ವಿಶ್ವಕಪ್ಪನ್ನು ಬೆನ್ನಿನ ತೊಂದರೆಯಿಂದಲೇ ತಪ್ಪಿಸಿಕೊಂಡರು, 2023ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಸಿಕೊಂಡರು. ಚೆಂಡು ಬಿಡುವ ಕ್ಷಣದಲ್ಲಿ ಮುಂಗಾಲಿನ ಮೇಲೆ ದೇಹತೂಕದ ಹಲವು ಪಟ್ಟು ಬಲ ಬೀಳುವಾಗಲೇ ಬೆನ್ನು ಹಿಂದಕ್ಕೆ ಬಾಗಿ ಪಕ್ಕಕ್ಕೂ ತಿರುಚಿಕೊಂಡಿರುತ್ತದೆ. ಆದ್ದರಿಂದಲೇ ಬಲಗೈ ಬೌಲರ್‌ಗಳಲ್ಲಿ ಬಿರುಕು ಸಾಮಾನ್ಯವಾಗಿ ಬೆನ್ನುಮೂಳೆಯ ಎಡಬದಿಯಲ್ಲಿರುತ್ತದೆ. ಹದಿಹರೆಯದಲ್ಲಿ ಆ ಭಾಗದ ಮೂಳೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಹೀಗಿರುವಾಗ ಶಾಲೆಯ ತಂಡಕ್ಕೂ ಕ್ಲಬ್ಬಿಗೂ ನೆಟ್ಸ್‌ನಲ್ಲೂ ಒಬ್ಬನೇ ಹುಡುಗ ಎಸೆಯುವ ಓವರ್‌ಗಳನ್ನು ಯಾರೂ ಒಟ್ಟುಗೂಡಿಸಿ ಲೆಕ್ಕವಿಡದಿರುವುದು ತರಬೇತಿಯ ದೊಡ್ಡ ಲೋಪ.

ರಾಗಿ ಮುದ್ದೆ ಉಣ್ಣುವವರ ಮೂಳೆ ಮುರಿಯದೆಂಬ ಹೆಮ್ಮೆಗೆ ಅರ್ಧ ಆಧಾರವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಸುಡುವಷ್ಟು ಶಕ್ತಿಯನ್ನು ಉಣ್ಣದ ಓಟಗಾರರ ದೇಹ ಮೂಳೆ ಕಟ್ಟುವ ಕೆಲಸವನ್ನೇ ಹಿಂದಕ್ಕೆ ತಳ್ಳುತ್ತದೆ. ಕಠಿಣ ಅಭ್ಯಾಸದ ನಡುವೆ ಹುಡುಗಿಯರಿಗೆ ತಿಂಗಳುಗಟ್ಟಲೆ ಮುಟ್ಟು ನಿಂತರೆ, ಅದು ಮೂಳೆಯ ದೃಷ್ಟಿಯಿಂದ ಗಂಭೀರ ಎಚ್ಚರಿಕೆ.

ಕಾಲಿನ ಸಾಧಾರಣ ಬಿರುಕು ಆರೆಂಟು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ತೊಡೆಮೂಳೆಯ ಕುತ್ತಿಗೆಯಂಥ ಜಾಗಗಳಿಗೆ ಹೆಚ್ಚು ಕಾಲವೂ ಹೆಚ್ಚು ಎಚ್ಚರವೂ ಬೇಕು. ಓಟಕ್ಕೆ ಮರಳುವಾಗ ನೆರವಾಗುವ ಒಂದು ಅಂಶ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿದಿದೆ: ಮೂಳೆಯೊಳಗೆ ಹುದುಗಿದ ಆಸ್ಟಿಯೋಸೈಟ್ ಕೋಶಗಳು ಹತ್ತಾರು ಹೊಡೆತಗಳಾದ ಮೇಲೆ ಹೊಸ ಹೊಡೆತಗಳಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ, ಕೆಲವು ಗಂಟೆಗಳ ಬಿಡುವಿನ ನಂತರ ಮತ್ತೆ ಸ್ಪಂದಿಸುತ್ತವೆ. ಒಂದೇ ಸಲ ಕೊಟ್ಟ ಭಾರಕ್ಕಿಂತ, ಅಷ್ಟೇ ಭಾರವನ್ನು ದಿನದಲ್ಲಿ ನಾಲ್ಕು ಕಂತಾಗಿ ಕೊಟ್ಟಾಗ ಹೆಚ್ಚು ಮೂಳೆ ಬೆಳೆಯಿತು. ಬೆಳಿಗ್ಗೆ ಒಂದೇ ಉಸಿರಿಗೆ ಮುಗಿಸುವ ದೂರವನ್ನು ಬೆಳಿಗ್ಗೆಗೂ ಸಂಜೆಗೂ ಹಂಚಿಕೊಂಡು, ನಡುನಡುವೆ ನಡೆಯುತ್ತಾ, ಮೊದಲ ವಾರಗಳಲ್ಲಿ ದಿನ ಬಿಟ್ಟು ದಿನ ಓಡುವುದಕ್ಕೆ ಇದು ತಕ್ಕ ಕಾರಣ.