ಐದು ಆಂಪಿಯರ್ ನೋಡಲು ಆರುನೂರರ ಕ್ಲ್ಯಾಂಪ್ ಬೇಡ

ಹತ್ತು ಸಲ ಸ್ಟಾರ್ಟ್ ಆಗುತ್ತದೆ, ಹನ್ನೊಂದನೇ ಸಲ ಆಗುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ತಳಕ್ಕೆ ಒಂದು ಏಟು ಕೊಟ್ಟರೆ ಮತ್ತೆ ಸರಿಹೋಗುತ್ತದೆ. ಆ ಕಾರು ನನ್ನ ಹತ್ತಿರ ಬರುವ ಹೊತ್ತಿಗೆ ಬ್ಯಾಟರಿ, ರಿಲೇ, ಕ್ರ್ಯಾಂಕ್ ಸೆನ್ಸರ್ ಮೂರೂ ಬದಲಾಗಿದ್ದವು. ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ, ಗೇಜಿನಲ್ಲಿ ಪ್ರೆಷರ್ ಸರಿಯಾಗಿಯೇ ಇತ್ತು. ಪಂಪಿನ ಫ್ಯೂಸ್ ಕಿತ್ತು, ಆ ಜಾಗಕ್ಕೆ ಫ್ಯೂಸ್ ಸಮೇತ ಒಂದಡಿ ವೈರಿನ ಲೂಪ್ ಸಿಕ್ಕಿಸಿ, ಅದಕ್ಕೆ ಕರೆಂಟ್ ಕ್ಲ್ಯಾಂಪ್ (ವೈರನ್ನು ದವಡೆಯಲ್ಲಿ ಹಿಡಿದು ಕರೆಂಟು ಅಳೆಯುವ ಸಾಧನ) ಹಾಕಿದೆ. ಸರಾಸರಿ 5 ಆಂಪಿಯರ್. ಮೀಟರಿನಲ್ಲಿ ನೋಡಿದ್ದರೆ ಕಾಣುತ್ತಿದ್ದುದು ಅಷ್ಟೇ. ಏರಿಳಿತವನ್ನು ಚಿತ್ರವಾಗಿ ಬಿಡಿಸಿ ತೋರಿಸುವ ಆಸಿಲೋಸ್ಕೋಪಿನಲ್ಲಿ, ಅಂದರೆ ಸ್ಕೋಪಿನಲ್ಲಿ, ಆ ಐದರ ಮೇಲೆ ಸಣ್ಣ ಸಣ್ಣ ಉಬ್ಬುಗಳ ಸಾಲು, ಪ್ರತಿ ಎಂಟನೆಯ ಉಬ್ಬು ಇರಬೇಕಾದಲ್ಲಿ ಮಾತ್ರ ಆಳವಾದ ತಗ್ಗು.

ಪಂಪಿನ ಮೋಟಾರಿನೊಳಗೆ ಕಾರ್ಬನ್ ಬ್ರಷ್, ಕಮ್ಯುಟೇಟರಿನ (ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ತಾಮ್ರದ ಪಟ್ಟಿಗಳ ಉಂಗುರ) ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುವಾಗೆಲ್ಲ ಕರೆಂಟು ಒಮ್ಮೆ ಏರಿಳಿಯುತ್ತದೆ. ಆ ಪಂಪಿನಲ್ಲಿ ಎಂಟು ಪಟ್ಟಿ. ಎಂಟು ಉಬ್ಬು ಕಳೆದರೆ ಒಂದು ಸುತ್ತು. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ತಗ್ಗು ಎಂದರೆ ಒಂದು ಪಟ್ಟಿ ಸತ್ತಿದೆ. ಒಂದು ತಗ್ಗಿನಿಂದ ಮುಂದಿನ ತಗ್ಗಿಗೆ 10 ಮಿಲಿಸೆಕೆಂಡು ಹಿಡಿಯುತ್ತಿತ್ತು, ಅಂದರೆ ನಿಮಿಷಕ್ಕೆ 6000 ಸುತ್ತು. ತಿರುಗುತ್ತಿರುವಾಗ ಸತ್ತ ಪಟ್ಟಿಯನ್ನು ಮೋಟಾರು ವೇಗದಲ್ಲೇ ದಾಟಿಬಿಡುತ್ತದೆ. ಆಫ್ ಮಾಡಿದಾಗ ಬ್ರಷ್ ಸರಿಯಾಗಿ ಅದರ ಮೇಲೆಯೇ ಬಂದು ನಿಂತರೆ ಮಾತ್ರ ಮತ್ತೆ ಏಳುವುದಿಲ್ಲ. ಹನ್ನೊಂದನೇ ಸಲದ ಗುಟ್ಟು ಇದು. ಟ್ಯಾಂಕ್ ಇಳಿಸದೆ, ಪಂಪ್ ಬಿಚ್ಚದೆ ತಿಳಿಯಿತು.

ಈ ಕತೆ ಹೇಳಿದಾಗೆಲ್ಲ ಹೊಸದಾಗಿ ಸ್ಕೋಪ್ ಕೊಂಡ ಹುಡುಗರು ಕೇಳುತ್ತಾರೆ: "ಅಣ್ಣಾ, ನನ್ನ ಹತ್ರ ಆರುನೂರು ಆಂಪಿಯರ್‌ದು ಇದೆ, ಅದರಲ್ಲೇ ಆಗಲ್ವಾ?" ಸ್ಟಾರ್ಟರಿನ ಕರೆಂಟು ನೋಡಲು, ಅದರ ಏರಿಳಿತದಲ್ಲಿ ಸಿಲಿಂಡರ್ ಕಂಪ್ರೆಷನ್ ಹೋಲಿಸಲು ಅದೇ ಬೇಕು. ಪಂಪಿಗೆ ಆಗದು. ಲೆಕ್ಕ ಹಾಕಿ ನೋಡಿ. ದೊಡ್ಡ ಕ್ಲ್ಯಾಂಪ್ ಸಾಮಾನ್ಯವಾಗಿ ಒಂದು ಆಂಪಿಯರಿಗೆ 1 ಮಿಲಿವೋಲ್ಟ್ ಕೊಡುತ್ತದೆ. ನಮಗೆ ಬೇಕಾದ ಉಬ್ಬಿನ ಎತ್ತರ ಅರ್ಧ ಆಂಪಿಯರ್ ಎಂದರೆ ಸ್ಕೋಪಿಗೆ ಸಿಗುವುದು ಅರ್ಧ ಮಿಲಿವೋಲ್ಟು. ಆಲ್ಟರ್ನೇಟರಿನ ಗಲಾಟೆಯಲ್ಲಿ, ಕ್ಲ್ಯಾಂಪಿನದೇ ನಾಯ್ಸ್‌ನಲ್ಲಿ ಅದು ಮುಳುಗಿಹೋಗುತ್ತದೆ. ಒಂದು ಆಂಪಿಯರಿಗೆ 100 ಮಿಲಿವೋಲ್ಟ್ ಕೊಡುವ ಚಿಕ್ಕ ಕ್ಲ್ಯಾಂಪಿನಲ್ಲಿ ಅದೇ ಉಬ್ಬು 50 ಮಿಲಿವೋಲ್ಟು. ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಏಲಕ್ಕಿ ತೂಗಿದರೆ ಮುಳ್ಳು ಅಲುಗೀತೇ?

ಹಾಗಾಗಿ ಕೊಳ್ಳುವಾಗ ಗರಿಷ್ಠ ಎಷ್ಟು ಆಂಪಿಯರ್ ಎಂದು ಮೊದಲು ಕೇಳಬೇಡಿ. ಒಂದು ಆಂಪಿಯರಿಗೆ ಎಷ್ಟು ಮಿಲಿವೋಲ್ಟ್ ಎಂದು ಕೇಳಿ. ಪಿಕೊ ಕಂಪನಿಯ 60 ಆಂಪಿಯರ್ ಕ್ಲ್ಯಾಂಪ್, ಹ್ಯಾಂಟೆಕ್ ಸಿಸಿ-65 ಇಂಥವಲ್ಲಿ ಎರಡು ರೇಂಜ್ ಇವೆ: ಸಣ್ಣ ಕರೆಂಟಿಗೆ 100 ಮಿಲಿವೋಲ್ಟ್, ದೊಡ್ಡದಕ್ಕೆ 10. ಕೆಲವು ಕ್ಲ್ಯಾಂಪುಗಳ ಮೇಲೆ "10 ಮಿಲಿಆಂಪಿಯರಿಗೆ 1 ಮಿಲಿವೋಲ್ಟ್" ಎಂದು ಬರೆದಿರುತ್ತಾರೆ. ಗಾಬರಿ ಬೇಡ, ಅದೂ ಆಂಪಿಯರಿಗೆ 100 ಮಿಲಿವೋಲ್ಟೇ. ಸ್ಕೋಪಿನಲ್ಲಿ ಪ್ರೋಬ್ ಸೆಟ್ಟಿಂಗ್ ಅದಕ್ಕೆ ಹೊಂದಿಸದಿದ್ದರೆ ಮಾತ್ರ 5 ಆಂಪಿಯರ್ ಇದ್ದದ್ದು 50 ಎಂದು ತೋರಿಸಿ ದಾರಿ ತಪ್ಪಿಸುತ್ತದೆ.

ಕಾರಿನ ಬ್ಯಾಟರಿಯದು ಡಿಸಿ ಕರೆಂಟು, ಕ್ಲ್ಯಾಂಪ್ ಅದನ್ನು ಅಳೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಮನೆ ವೈರಿಂಗಿನವರು ಬಳಸುವ ಅಗ್ಗದ ಕ್ಲ್ಯಾಂಪುಗಳಲ್ಲಿ ಬಹಳಷ್ಟು ಎಸಿಗೆ ಮಾತ್ರ. ಅವುಗಳೊಳಗೆ ಇರುವುದು ಬರೀ ಟ್ರಾನ್ಸ್‌ಫಾರ್ಮರ್. ಕಾರಿಗೆ ಬೇಕಾದದ್ದು ಹಾಲ್ ಸೆನ್ಸರ್ (ಕಾಂತಕ್ಷೇತ್ರವನ್ನು ಅಳೆಯುವ ಸೆನ್ಸರ್) ಇರುವುದು, ಅದಕ್ಕೆ ಸಾಮಾನ್ಯವಾಗಿ ಒಳಗೊಂದು ಬ್ಯಾಟರಿಯೂ ಬೇಕು. ಆ ಬ್ಯಾಟರಿ ಇಳಿದರೆ ರೀಡಿಂಗ್ ಸದ್ದಿಲ್ಲದೆ ತಪ್ಪಾಗುತ್ತದೆ, ಡಬ್ಬಿಯಲ್ಲಿ ಇನ್ನೊಂದು ಇಟ್ಟುಕೊಂಡಿರಿ.

ಬ್ಯಾಂಡ್‌ವಿಡ್ತ್, ಅಂದರೆ ಕ್ಲ್ಯಾಂಪ್ ಎಷ್ಟು ವೇಗದ ಏರಿಳಿತ ಹಿಡಿಯಬಲ್ಲದು ಎಂಬುದರ ಬಗ್ಗೆ ಜನ ಅಗತ್ಯಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. 20 ಕಿಲೋಹರ್ಟ್ಸ್ ಇದ್ದರೆ ಸುಮಾರು 18 ಮೈಕ್ರೋಸೆಕೆಂಡಿನ ಏರಿಕೆಯನ್ನು ಅದು ಹಿಡಿಯಬಲ್ಲದು. ಇಗ್ನಿಷನ್ ಕಾಯಿಲ್ ತುಂಬಿಕೊಳ್ಳಲು ಮಿಲಿಸೆಕೆಂಡುಗಳೇ ಬೇಕು, ಅದಕ್ಕೆ ಧಾರಾಳವಾಗಿ ಸಾಕು. ಆ ಕಾಯಿಲ್‌ನ ಚಿತ್ರ ನನಗೆ ಬಲು ಇಷ್ಟ. ಸೊನ್ನೆಯಿಂದ ಓರೆಯಾಗಿ ಆರೇಳು ಆಂಪಿಯರಿಗೆ ಏರಿ ಥಟ್ಟನೆ ಬೀಳುತ್ತದೆ. ಒಳಗೆ ಸುತ್ತುಗಳು ಶಾರ್ಟ್ ಆಗಿದ್ದರೆ ಓರೆಯ ಬದಲು ಶುರುವಿನಲ್ಲೇ ನೆಟ್ಟಗೆ ಮೇಲಕ್ಕೆ ಜಿಗಿಯುತ್ತದೆ. ಪ್ಲಗ್ಗಿನ ಮೇಲೇ ಕೂರುವ ಕಾಯಿಲ್‌ಗಳಲ್ಲಿ ಹಲವಕ್ಕೆ ಮೂರೋ ನಾಲ್ಕೋ ವೈರು ಇರುತ್ತವೆ. ಬರೀ ಸಿಗ್ನಲ್ ಒಯ್ಯುವ ಟ್ರಿಗರ್ ವೈರಿಗೆ ಕ್ಲ್ಯಾಂಪ್ ಹಾಕಿ ಏನೂ ಕಾಣಲಿಲ್ಲ ಎಂದು ಫೋನ್ ಮಾಡುವವರು ಹಲವರು. ಹಾಕಬೇಕಾದದ್ದು ಸಪ್ಲೈ ವೈರಿಗೆ. ನಾಲ್ಕೂ ಕಾಯಿಲ್‌ಗೆ ಒಂದೇ ಫ್ಯೂಸ್ ಇದ್ದರೆ ಒಂದೇ ಕ್ಲ್ಯಾಂಪಿನಲ್ಲಿ ನಾಲ್ಕೂ ಸಾಲಾಗಿ ಕಾಣುತ್ತವೆ, ಕೆಟ್ಟದ್ದು ಪಕ್ಕದವರ ನಡುವೆ ಎದ್ದು ಕಾಣುತ್ತದೆ. ಪೆಟ್ರೋಲ್ ಸಿಂಪಡಿಸುವ ಸಾಮಾನ್ಯ ಪೋರ್ಟ್ ಇಂಜೆಕ್ಟರಿನಲ್ಲಿ ಕರೆಂಟು ಒಂದು ಆಂಪಿಯರಿನ ಆಸುಪಾಸು. ಏರುವಾಗ ನಡುವೆ ಬರುವ ಸಣ್ಣ ಕುಳಿ ಸೂಜಿ ನಿಜಕ್ಕೂ ಎದ್ದಿತೆಂಬುದರ ಗುರುತು. ಅದನ್ನು ದೊಡ್ಡ ಕ್ಲ್ಯಾಂಪಿನಲ್ಲಿ ಹುಡುಕುವುದೇ ವ್ಯರ್ಥ.

ಇನ್ನು ಝೀರೋ ಮಾಡುವ, ಅಂದರೆ ಕರೆಂಟಿಲ್ಲದಾಗ ಸೊನ್ನೆ ತೋರುವಂತೆ ಹೊಂದಿಸುವ ವಿಷಯ. ಹಾಲ್ ಸೆನ್ಸರ್ ಬಿಸಿಗೆ ಸರಿಯುತ್ತದೆ, ದವಡೆಯ ಕಬ್ಬಿಣದಲ್ಲಿ ಹಿಂದಿನ ಅಳತೆಯ ಕಾಂತತೆ ಉಳಿದಿರುತ್ತದೆ, ಭೂಮಿಯ ಕಾಂತಕ್ಷೇತ್ರವೂ ಸೇರಿಕೊಳ್ಳುತ್ತದೆ. ಹಾಗಾಗಿ ಮೇಜಿನ ಮೇಲೆ ಝೀರೋ ಮಾಡಿ ತಂದು ಬಾನೆಟ್‌ನೊಳಗೆ ಹಾಕುವುದು ಸರಿಯಲ್ಲ. ಅಳೆಯುವ ಜಾಗದಲ್ಲೇ, ಅದೇ ದಿಕ್ಕಿನಲ್ಲಿ ಹಿಡಿದು, ವೈರಿಲ್ಲದೆ ದವಡೆ ಮುಚ್ಚಿ ಝೀರೋ ಒತ್ತಿ. ಚಿತ್ರ ತಲೆಕೆಳಗಾಗಿ ಬಂದರೆ ಬಾಣದ ಗುರುತು ತಿರುಗಿದೆ ಎಂದರ್ಥ, ಕ್ಲ್ಯಾಂಪ್ ಮಗುಚಿ ಹಾಕಿ. ಹೋಗುವ ಬರುವ ಎರಡೂ ವೈರು ಒಟ್ಟಿಗೆ ದವಡೆಯೊಳಗೆ ಸಿಕ್ಕಿದರೆ ಒಂದನ್ನೊಂದು ಅಳಿಸಿ ಸೊನ್ನೆ ಬರುತ್ತದೆ. ಕಿಕ್ಕಿರಿದ ವೈರಿಂಗಿನಲ್ಲಿ ಒಂಟಿ ವೈರು ಹಿಡಿಯಬೇಕೆಂದರೆ ದವಡೆ ತೆಳ್ಳಗಿರಬೇಕು. ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ನೋಡಿ ಎನ್ನುವುದು ಇದಕ್ಕೇ.

ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಿಗ್ಗೆ ಇಳಿದಿರುವುದಕ್ಕೂ ಈ ಕ್ಲ್ಯಾಂಪ್ ಸಾಕೇ ಎಂದು ಕೇಳುತ್ತಾರೆ. ಅರ್ಧ ಆಂಪಿಯರ್ ಸೋರುತ್ತಿದ್ದರೆ ಖಂಡಿತ ಸಿಗುತ್ತದೆ. 50 ಮಿಲಿಆಂಪಿಯರಿನ ಒಳಗೆ ಇದೆಯೋ ಇಲ್ಲವೋ ಎಂದು ಗಂಟೆಗಟ್ಟಲೆ ಕಾಯುವ ಅಳತೆಗೆ ನಾನು ಇದನ್ನು ನಂಬುವುದಿಲ್ಲ, ಅಷ್ಟರಲ್ಲಿ ಝೀರೋ ಅದಕ್ಕಿಂತ ಹೆಚ್ಚೇ ಸರಿದಿರಬಹುದು. ಅಲ್ಲಿ ಮೀಟರನ್ನು ಸೀರೀಸಿನಲ್ಲಿ ಹಾಕುತ್ತೇನೆ. ಕ್ಲ್ಯಾಂಪಿನಲ್ಲೇ ಮಾಡಬೇಕಾಗಿ ಬಂದರೆ ಉದ್ದನೆಯ ಲೂಪ್ ವೈರನ್ನು ದವಡೆಯೊಳಗೆ ಹತ್ತು ಸುತ್ತು ಸುತ್ತುತ್ತೇನೆ. ಕರೆಂಟು ಹತ್ತು ಪಟ್ಟಾಗಿ ಕಾಣುತ್ತದೆ, ಬಂದದ್ದನ್ನು ಹತ್ತರಿಂದ ಭಾಗಿಸಿ ಬರೆದುಕೊಳ್ಳುತ್ತೇನೆ.