ಖಾಜನ್ ಭೂಮಿಯನ್ನು ಓದುವ ಬಗೆ: ಚೋಡಣ ದ್ವೀಪದ ಅಧ್ಯಯನ ಪ್ರವಾಸಕ್ಕೆ ಟಿಪ್ಪಣಿ

ವಾಸ್ಕೋ, ಪೋಂಡಾ ಮತ್ತು ಪಣಜಿಯ ಕನ್ನಡ ವಿದ್ಯಾರ್ಥಿಗಳ ಗುಂಪು ಸುಸ್ಥಿರ ಬದುಕು ಮತ್ತು ಸಂರಕ್ಷಣೆಯನ್ನು ತಿಳಿಯಲು ಗೋವಾದ ಮಾಂಡವಿ ನದಿಯ ಚೋಡಣ ದ್ವೀಪಕ್ಕೆ ಹೋಗುತ್ತಿದೆ. ಮುಂದಿನ ತಂಡದಲ್ಲಿ ಬರುವವರಿಗಾಗಿ ಈ ಟಿಪ್ಪಣಿಯನ್ನು ಸಿದ್ಧಪಡಿಸಲಾಗಿದೆ. ದ್ವೀಪದ ಪಶ್ಚಿಮ ತುದಿಯಲ್ಲಿ ಸಲೀಂ ಅಲಿ ಪಕ್ಷಿಧಾಮವಿದೆ. ಎರಡು ಚದರ ಕಿಲೋಮೀಟರಿಗಿಂತ ಕಡಿಮೆ ವಿಸ್ತಾರದ ಈ ಕಾಂಡ್ಲ (ಮ್ಯಾಂಗ್ರೋವ್) ಕಾಡನ್ನು ನೋಡುವುದಕ್ಕೇ ಹೆಚ್ಚಿನವರು ಅಲ್ಲಿಗೆ ಹೋಗುತ್ತಾರೆ. ಆದರೆ ಕಾಡಿನ ಆಚೆ, ಯಾರೂ ಫಲಕ ಹಾಕಿರದ ಗದ್ದೆಗಳಲ್ಲಿ ಕಲಿಯುವುದು ಇನ್ನೂ ಹೆಚ್ಚಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಗದ್ದೆಗಳೇ ಖಾಜನ್ ಭೂಮಿ.

ಮಾಂಡವಿ, ಜುವಾರಿ ಮೊದಲಾದ ನದಿಗಳ ಅಳಿವೆಗಳಲ್ಲಿ ಉಬ್ಬರದ ನೀರು ನುಗ್ಗುತ್ತಿದ್ದ ತಗ್ಗು ಜೌಗನ್ನು ಒಡ್ಡು ಕಟ್ಟಿ ಬೇಸಾಯಕ್ಕೆ ತಂದ ನೆಲವನ್ನು ಗೋವಾದಲ್ಲಿ ಖಾಜನ್ ಎನ್ನುತ್ತಾರೆ. ಇಡೀ ರಾಜ್ಯದಲ್ಲಿ ಇದರ ವಿಸ್ತಾರ ಸುಮಾರು 18,000 ಹೆಕ್ಟೇರ್ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇಲ್ಲಿನ ಗದ್ದೆಯ ಮಟ್ಟವು ಉಬ್ಬರದ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ನಮ್ಮಲ್ಲಿ ಹಲವರ ಮನೆಯವರು ವಿಜಯಪುರ, ಗದಗ, ಕೊಪ್ಪಳದ ಕಡೆಯವರು. ಅವರ ಹೊಲಗಳ ಒಡ್ಡು ಬಿದ್ದ ಮಳೆಯನ್ನು ಒಳಗೆ ಹಿಡಿದಿಡಲು ಕಟ್ಟಿದ್ದು. ಖಾಜನ್ ಒಡ್ಡಿನ ಕೆಲಸ ಅದಕ್ಕೆ ತಿರುವುಮುರುವು: ಹೊರಗಿನ ಉಪ್ಪುನೀರನ್ನು ತಡೆಯುವುದು ಮತ್ತು ಒಳಗೆ ಹೆಚ್ಚಾದ ಮಳೆನೀರನ್ನು ಸಕಾಲದಲ್ಲಿ ಹೊರಗೆ ಬಿಡುವುದು. ಸ್ಥಳೀಯ ಜೇಡಿಮಣ್ಣು, ಹುಲ್ಲು, ಬಿದಿರು ಮತ್ತು ಕೆಲವೆಡೆ ಜಂಬಿಟ್ಟಿಗೆ ಕಲ್ಲಿನಿಂದ ಒಡ್ಡನ್ನು ಕಟ್ಟುತ್ತಾರೆ. ನದಿಯ ಬದಿಯಲ್ಲಿ ಬೆಳೆದ ಕಾಂಡ್ಲ ಗಿಡಗಳ ಬೇರುಗಳು ಅಲೆಯ ಹೊಡೆತವನ್ನು ತಗ್ಗಿಸುವುದರಿಂದ, ಒಡ್ಡಿನ ಹೊರಗಿನ ಕಾಡೂ ಈ ವ್ಯವಸ್ಥೆಯ ಭಾಗವೇ ಆಗಿದೆ.

ಎಲ್ಲರೂ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಒಡ್ಡಿನ ನಡುವಿನ ತೂಬನ್ನು. ಕೊಂಕಣಿಯಲ್ಲಿ ಅದಕ್ಕೆ ಮಾನಸ್ ಎಂದು ಹೆಸರು. ಅದರ ಮರದ ಕದಗಳನ್ನು ಹೊರಗಿನ ನೀರಿನ ಒತ್ತಡ ಹೆಚ್ಚಾದಾಗ ಮುಚ್ಚಿಕೊಳ್ಳುವಂತೆ, ಒಳಗಿನ ನೀರಿನ ಒತ್ತಡ ಹೆಚ್ಚಾದಾಗ ತೆರೆದುಕೊಳ್ಳುವಂತೆ ಜೋಡಿಸಿರುತ್ತಾರೆ. ಸುಮಾರು 24 ಗಂಟೆ 50 ನಿಮಿಷಗಳಲ್ಲಿ ಎರಡು ಉಬ್ಬರ, ಎರಡು ಇಳಿತ ಬರುವ ಈ ಕರಾವಳಿಯಲ್ಲಿ ಕದವು ಅಷ್ಟು ಸಲವೂ ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ ತಾನಾಗಿ ತೆರೆದು ಮುಚ್ಚುತ್ತದೆ. ಆದರೆ ಅದನ್ನು ತಾನಾಗಿ ನಡೆಯುವ ಸಾಧನವೆಂದಷ್ಟೇ ಬರೆದುಕೊಂಡರೆ ಅರ್ಧ ಮಾತ್ರ ಬರೆದಂತೆ. ಯಾವ ತಿಂಗಳಲ್ಲಿ ಎಷ್ಟು ಉಪ್ಪುನೀರನ್ನು ಒಳಗೆ ಬಿಡಬೇಕು, ಹಲಗೆಯನ್ನು ಯಾವಾಗ ಎತ್ತಬೇಕು ಎಂಬುದನ್ನು ಮನುಷ್ಯನೇ ತೀರ್ಮಾನಿಸಬೇಕು. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದಂತೆ ಇಲ್ಲಿಯೂ ತೂಬಿನ ಹೊಣೆ ಹೊತ್ತವನ ವಿವೇಕದ ಮೇಲೆ ಊರಿನ ಅನ್ನ ನಿಂತಿದೆ.

ತೂಬಿನ ಒಳಬದಿಯಲ್ಲಿ ಪೊಯಿಂ ಎಂಬ ಆಳವಾದ ನೀರಿನ ತಾಣವಿರುತ್ತದೆ. ಉಬ್ಬರದೊಂದಿಗೆ ಒಳಬಂದ ಸಿಗಡಿ, ಏಡಿ ಮತ್ತು ಶೆವ್ಟೊ, ಕಾಳುಂದರ್, ಚೊಣಕ್ ಮೊದಲಾದ ಮೀನುಗಳು ಅಲ್ಲಿ ಬೆಳೆಯುತ್ತವೆ; ಇಳಿತದಲ್ಲಿ ನೀರು ಹೊರಗೆ ಹರಿಯುವಾಗ ತೂಬಿಗೆ ಬಲೆ ಕಟ್ಟಿ ಅವನ್ನು ಹಿಡಿಯುತ್ತಾರೆ. ಈ ಮೀನುಗಾರಿಕೆಯ ಹಕ್ಕನ್ನು ಹರಾಜು ಹಾಕಿ, ಬಂದ ಹಣದಲ್ಲಿ ಒಡ್ಡಿನ ದುರಸ್ತಿ ಮಾಡುವ ಪದ್ಧತಿ ಇತ್ತು. ಅನ್ನವನ್ನು ಕಾಯುವ ಕದದ ಖರ್ಚನ್ನು ಮೀನು ಭರಿಸುವ ಈ ಲೆಕ್ಕಾಚಾರವನ್ನು ಸರಿಯಾಗಿ ಗ್ರಹಿಸಿದರೆ ಖಾಜನ್ನಿನ ಮುಕ್ಕಾಲು ಪಾಲು ಅರ್ಥವಾದಂತೆ.

ಭತ್ತದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ನದಿಯ ನೀರೂ ಆಗ ಸಿಹಿಯಾಗುತ್ತದೆ. ಆ ತಿಂಗಳುಗಳಲ್ಲಿ ಕೊರ್ಗುಟ್, ಅಸ್ಗೊ ಮುಂತಾದ ಉಪ್ಪು ತಾಳುವ ಸ್ಥಳೀಯ ತಳಿಗಳನ್ನು ಬೆಳೆಯುತ್ತಾರೆ. ಇದಕ್ಕೆ ಹತ್ತಿರದ ನೆಂಟ ನಮ್ಮ ಉತ್ತರ ಕನ್ನಡದಲ್ಲೇ ಇದೆ: ಅಘನಾಶಿನಿಯ ಅಳಿವೆಯ ಗಜನಿ ಭೂಮಿ ಮತ್ತು ಅಲ್ಲಿ ಬೆಳೆಯುವ ಕಗ್ಗ ಭತ್ತ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ರೈತರು ಇಂದಿಗೂ ಕಗ್ಗವನ್ನು ಉಳಿಸಿಕೊಂಡು ಬಂದಿದ್ದಾರೆ. ಕೇರಳದ ಪೊಕ್ಕಾಳಿ ಭತ್ತವೂ ಇದೇ ಬಳಗದ್ದು. ಮೂರನ್ನೂ ಹೋಲಿಸಿ ಒಂದು ಕಿರುಪ್ರಬಂಧ ಬರೆಯಬಲ್ಲವರು ನಮ್ಮ ಗುಂಪಿನಲ್ಲಿದ್ದರೆ ಅದು ಬಹಳ ಉಪಯುಕ್ತ ಕೆಲಸವಾದೀತು.

ಇನ್ನು ಹೊಣೆಗಾರಿಕೆಯ ಪ್ರಶ್ನೆ. ಈ ಭೂಮಿಯನ್ನು ಶತಮಾನಗಳ ಕಾಲ ನಡೆಸಿದ್ದು ಗಾಂವಕಾರಿ ಎಂಬ ಗ್ರಾಮಸಂಸ್ಥೆ. ಪೋರ್ಚುಗೀಸರು ಬಂದ ಮೇಲೆ ಅದಕ್ಕೆ ಕೊಮುನಿದಾದ್ ಎಂಬ ಹೆಸರಾಯಿತು. ಅದರ ರೂಢಿ ಮತ್ತು ಕಟ್ಟಳೆಗಳನ್ನು 1526ರಲ್ಲಿ ಅಫೊನ್ಸೊ ಮೆಶಿಯಾ ಎಂಬ ಅಧಿಕಾರಿ ದಾಖಲೆಗೆ ತಂದನು. ಭೂಮಿ ಸಂಸ್ಥೆಯದು, ಉಳುಮೆಯ ಹಕ್ಕು ಹರಾಜಿನ ಮೂಲಕ, ಉಳಿದ ಆದಾಯದಲ್ಲಿ ಗಾಂವಕಾರರಿಗೆ, ಅಂದರೆ ಸಂಸ್ಥೆಯ ಸದಸ್ಯರಿಗೆ, ಜೋನ್ ಎಂಬ ಪಾಲು. ಇದನ್ನು ಸಮಾನತೆಯ ಚಿನ್ನದ ಕಾಲವೆಂದು ಬಣ್ಣಿಸುವ ಬರಹಗಳನ್ನು ಎಚ್ಚರದಿಂದ ಓದಬೇಕು, ಏಕೆಂದರೆ ಗಾಂವಕಾರನ ಸ್ಥಾನ ಗಂಡುಸಂತತಿಯಲ್ಲೇ ಇಳಿದು ಬರುತ್ತಿತ್ತು, ಕೆಸರಿನಲ್ಲಿ ನಿಂತು ದುಡಿದ ಅನೇಕರಿಗೆ ಅದರಲ್ಲಿ ಮಾತಿರಲಿಲ್ಲ. ಗೋವಾ ಭಾರತಕ್ಕೆ ಸೇರಿದ ನಂತರ 1964ರ ಕೃಷಿ ಗೇಣಿ ಕಾಯ್ದೆಯು ಉಳುವವರಿಗೆ ರಕ್ಷಣೆ ನೀಡಿತು. ಅದು ನ್ಯಾಯವಾದ ಹೆಜ್ಜೆಯೇ ಸರಿ. ಆದರೆ ಒಡ್ಡು ಮತ್ತು ತೂಬಿನ ಕಾವಲು ಕೊಮುನಿದಾದ್‌ನ ಕೈಯಿಂದ ಗೇಣಿದಾರರ ಸಂಘಗಳಿಗೆ ದಾಟಿದಾಗ, ಹಳೆಯ ಶಿಸ್ತು ಎಲ್ಲೆಡೆಯೂ ಅದರೊಂದಿಗೆ ದಾಟಲಿಲ್ಲ. ಬೇಸಾಯದ ಆದಾಯ ಕುಗ್ಗಿ ಮೀನಿನ ಹರಾಜಿನ ಹಣ ಹಿಗ್ಗಿದ ಕಡೆಗಳಲ್ಲಿ, ಮೀನಿಗಾಗಿ ಕದವನ್ನು ಬೇಕೆಂದೇ ತೆರೆದಿಡುವುದು, ಉಪ್ಪುನೀರು ಗದ್ದೆಗೆ ಏರಿ ಭತ್ತ ಬೆಳೆಯಲಾರದ ಸ್ಥಿತಿ ಬರುವುದು ನಡೆದಿದೆ. ನದಿಯಲ್ಲಿ ಅದಿರು ಸಾಗಿಸುತ್ತಿದ್ದ ದೊಡ್ಡ ದೋಣಿಗಳ ಅಲೆಗಳೂ ಒಡ್ಡುಗಳನ್ನು ಕೊರೆದಿವೆ. ಒಂದೇ ಒಂದು ಕಡೆ ಒಡ್ಡು ಒಡೆದು ಸಕಾಲದಲ್ಲಿ ಮುಚ್ಚದಿದ್ದರೆ, ಅದರ ಹಿಂದಿನ ಎಲ್ಲರ ಗದ್ದೆಯೂ ಹೋಗುತ್ತದೆ. ಒಬ್ಬ ರೈತ ಎಷ್ಟೇ ಶ್ರಮಪಟ್ಟರೂ ತನ್ನ ತುಂಡನ್ನು ಮಾತ್ರ ಉಳಿಸಿಕೊಳ್ಳಲಾರ.

ನಮ್ಮ ಚರ್ಚೆಗೆ ಅತ್ಯಂತ ಕಠಿಣವಾದ ವಿಷಯ ಇದರ ಮುಂದಿನದು. ಪಾಳುಬಿದ್ದು ಉಪ್ಪುನೀರು ನಿಂತ ಖಾಜನ್ನಿನಲ್ಲಿ ಕೆಲವೇ ವರ್ಷಗಳಲ್ಲಿ ಕಾಂಡ್ಲ ತಾನಾಗಿ ಬೆಳೆಯುತ್ತದೆ. ಕಾಂಡ್ಲವನ್ನು ಕಡಿಯಲು ಕಾನೂನು ಬಿಡುವುದಿಲ್ಲ. ಹೀಗಾಗಿ ಗದ್ದೆಯನ್ನು ಮತ್ತೆ ಉಳಲು ಬಯಸುವ ರೈತನೂ ಕಾಡನ್ನು ಉಳಿಸಬಯಸುವವನೂ ಒಂದೇ ನೆಲದ ಮೇಲೆ ಎದುರುಬದುರಾಗಿ ನಿಲ್ಲುತ್ತಾರೆ, ಇಬ್ಬರ ಬಾಯಲ್ಲೂ ಸಂರಕ್ಷಣೆ ಎಂಬುದೇ ಇರುತ್ತದೆ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಗೋವಾಕ್ಕಾಗಿ ಪ್ರತ್ಯೇಕ ಭಾಗವನ್ನಿಟ್ಟು, ಖಾಜನ್ ಬದಿಯ ಕಾಂಡ್ಲವನ್ನು ರಕ್ಷಿಸಬೇಕು, ಖಾಜನ್ನಿಗೆ ನಿರ್ವಹಣಾ ಯೋಜನೆ ರೂಪಿಸಬೇಕು, ಅಲ್ಲಿ ಅಭಿವೃದ್ಧಿ ಚಟುವಟಿಕೆಗೆ ಅವಕಾಶ ಕೊಡಬಾರದು ಎಂದು ಒಟ್ಟಿಗೇ ಹೇಳುತ್ತದೆ. ಒಡ್ಡಿನ ಹೊರಗಿನ ಕಾಡಿಗೆ ಪೂರ್ಣ ರಕ್ಷಣೆ ಇರಬೇಕು, ಒಳಗೆ ಇತ್ತೀಚೆಗೆ ಬೆಳೆದದ್ದನ್ನು ಊರಿನವರ ಒಪ್ಪಿಗೆಯ ಯೋಜನೆಯಂತೆ ನೋಡಬೇಕು ಎಂದು ನನಗೆ ತೋರುತ್ತದೆ. ಇದನ್ನು ಒಪ್ಪದವರು ಗುಂಪಿನಲ್ಲಿ ಇದ್ದಾರೆ, ಅವರ ವಾದಕ್ಕೂ ಬಲವಿದೆ: ಗದ್ದೆಗಾಗಿ ಎಂದು ತೆರವು ಮಾಡಿದ ನೆಲದಲ್ಲಿ ಮುಂದೆ ಕಟ್ಟಡ ಏಳಬಹುದು ಎಂಬ ಅವರ ಭಯಕ್ಕೆ ಕಾರಣವಿದೆ.

ಹೊರಡುವ ದಿನದ ಸಿದ್ಧತೆ ಹೀಗಿರಲಿ. ರಿಬಂದರ್‌ನಿಂದ ಚೋಡಣಕ್ಕೆ ಫೆರಿ ದೋಣಿ ಇದೆ. ದಿನಾಂಕವನ್ನು ನಿಶ್ಚಯಿಸುವ ಮೊದಲು ಉಬ್ಬರ-ಇಳಿತದ ಪಟ್ಟಿಯನ್ನು ನೋಡಿ, ಇಳಿತ ಆರಂಭವಾಗುವ ಹೊತ್ತಿಗೆ ತೂಬಿನ ಬಳಿ ಇರುವಂತೆ ಸಮಯವನ್ನು ಹೊಂದಿಸಬೇಕು. ಕದ ತೆರೆಯುವುದು ಆಗ ಮಾತ್ರ ಕಾಣುತ್ತದೆ. ಕಾಂಡ್ಲ ಕಾಡಿನಲ್ಲಿ ಉಸಿರುಬೇರುಗಳನ್ನು ತುಳಿಯಬಾರದು. ರೈತರೊಂದಿಗೆ ಮಾತನಾಡಲು ಕೊಂಕಣಿ ಬಲ್ಲ ಇಬ್ಬರಾದರೂ ಪ್ರತಿ ತಂಡದಲ್ಲಿರಬೇಕು. ರೈತರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಕಳೆದ ಸಲ ಒಡ್ಡು ಒಡೆದಾಗ ಮಣ್ಣು ಹೊತ್ತವರು ಯಾರು ಮತ್ತು ಅವರ ಕೂಲಿ ಎಲ್ಲಿಂದ ಬಂತು ಎಂಬುದು. ತೂಬಿನ ಹರಾಜು ಈ ವರ್ಷ ಯಾರಿಗೆ ಹೋಯಿತು, ಅದರ ಕರಾರಿನಲ್ಲಿ ಕದ ಮುಚ್ಚುವ ಷರತ್ತು ಇದೆಯೇ ಎಂಬುದನ್ನು ಅದರ ನಂತರ ಕೇಳಬಹುದು.